ಇತಿಹಾಸೋಪಾಧ್ಯಾಯರ ಸಮ್ಮೇಳನಗಳೂ ಹಲ್ಮಿಡಿಯ ಕಾಲನಿರ್ಣಯವೂ

ಪ್ರೌಢಶಾಲೆಗಳ ಇತಿಹಾಸೋಪಾಧ್ಯಾಯರಿಗಾಗಿ ಏರ್ಪಡುವ ಪುನಶ್ಚೇತನ ಸಮ್ಮೇಳನಗಳ ಪ್ರಯೋಜನವನ್ನು ಅಳೆಯಲು ಒಂದು ಚಿಕ್ಕ ಪ್ರಶ್ನೆ ಸಾಕೆಂದು ನಮಗೆ ತೋರುತ್ತದೆ: ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂಬುದು ಹೇಗೆ ಗೊತ್ತಾಯಿತು? ಇಸವಿಯನ್ನು ತಡವರಿಸದೆ ಹೇಳುವ ಉಪಾಧ್ಯಾಯರು ಅನೇಕರು. ಅದರ ಆಧಾರವನ್ನು ಹೇಳಬಲ್ಲವರು ವಿರಳ. ತಪ್ಪು ಅವರದಲ್ಲ, ಅದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಬೇಲೂರು ತಾಲ್ಲೂಕಿನ ಈ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಶಾಸನದೊಳಗೆ ವರ್ಷದ ಉಲ್ಲೇಖವೇ ಇಲ್ಲ. ಲಿಪಿಯ ಸ್ವರೂಪ, ಭಾಷೆಯ ಹಳಮೆ, ಅಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು—ಇವುಗಳಿಂದ ವಿದ್ವಾಂಸರು ಕಾಲವನ್ನು ಊಹಿಸಿದರು. ಆ ಊಹೆಯನ್ನು ಒಪ್ಪದವರೂ ಇದ್ದಾರೆ. 2013ರಲ್ಲಿ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ದೊರೆತು, ಅದರ ಕಾಲ ಕ್ರಿ.ಶ. 370 ಎಂಬ ವಾದ ಹೊರಟಿತು. ಅದೂ ಊಹೆಯೇ, ಅದಕ್ಕೂ ಆಕ್ಷೇಪಗಳಿವೆ. ಫಲಿತಾಂಶವನ್ನಷ್ಟೇ ಕಲಿತ ಉಪಾಧ್ಯಾಯನ ಪಾಲಿಗೆ ಇದು ಒಂದು ಸಂಖ್ಯೆಯನ್ನು ಅಳಿಸಿ ಇನ್ನೊಂದನ್ನು ಬರೆಯುವ ಕೆಲಸ. ವಿಧಾನವನ್ನು ಬಲ್ಲವನಿಗಾದರೋ ಒಂದು ವಾರದ ಪಾಠಕ್ಕೆ ಸಾಲುವ ಸಾಮಗ್ರಿ.

ನಾವು ಕಂಡ ಸಮ್ಮೇಳನಗಳಲ್ಲಿ ಉದ್ಘಾಟನೆ, ಸನ್ಮಾನ, ಅಧ್ಯಕ್ಷ ಭಾಷಣಗಳಲ್ಲೇ ಮೊದಲ ಹೊತ್ತು ಕಳೆಯುತ್ತದೆ. ಉಳಿದ ಹೊತ್ತಿನಲ್ಲಿ ಪ್ರಬಂಧ ವಾಚನ. ಉಪಾಧ್ಯಾಯರು ಬೆಂಚಿನಲ್ಲಿ ಕುಳಿತು ಮಕ್ಕಳಂತೆ ಬರೆದುಕೊಳ್ಳುತ್ತಾರೆ. (ಆ ವೇದಿಕೆಯಿಂದ ಮಾತನಾಡುವವರು ಬಹುಮಟ್ಟಿಗೆ ಕಾಲೇಜಿನವರಾದ ನಾವೇ ಆದುದರಿಂದ ಈ ಆಕ್ಷೇಪ ಮೊದಲು ನಮಗೆ ಸಲ್ಲಬೇಕು.) ಇಂಗ್ಲೆಂಡಿನಲ್ಲಿ 1972ರಲ್ಲಿ ಲೀಡ್ಸಿನಿಂದ ಆರಂಭವಾದ ಸ್ಕೂಲ್ಸ್ ಹಿಸ್ಟರಿ ಪ್ರಾಜೆಕ್ಟ್, ಆಧಾರಗಳ ಪರಿಶೀಲನೆಯನ್ನೇ ಶಾಲಾ ಇತಿಹಾಸದ ತಿರುಳಾಗಿಸಿತು. ಅದರ ಸಮ್ಮೇಳನಗಳಲ್ಲಿ ಹಲವು ಗೋಷ್ಠಿಗಳನ್ನು ತರಗತಿಯ ಉಪಾಧ್ಯಾಯರೇ ನಡೆಸುತ್ತಾರೆ. ಅಲ್ಲಿಯ ಪಠ್ಯಕ್ರಮವನ್ನು ಇಲ್ಲಿಗೆ ತರಬೇಕೆಂದು ನಾವು ಹೇಳುತ್ತಿಲ್ಲ. ಅರ್ಧ ದಿನ ಭಾಷಣವನ್ನು ನಿಲ್ಲಿಸಿ, ಹಲ್ಮಿಡಿಯ ಪಡಿಯಚ್ಚನ್ನು ಮೇಜಿನ ಮೇಲೆ ಹರಡಿ, ನಾಲ್ಕೈದು ಮಂದಿಯ ಗುಂಪುಗಳಿಗೆ ಕಾಲನಿರ್ಣಯದ ವಾದವನ್ನು ತಾವೇ ಕಟ್ಟುವಂತೆ ಬಿಡಬಹುದಲ್ಲವೆ?

ಪರೀಕ್ಷೆಯಲ್ಲಿ ಕೇಳುವುದು ಇಸವಿಯನ್ನಲ್ಲವೆ ಎಂದು ಉಪಾಧ್ಯಾಯರು ಮರುಪ್ರಶ್ನೆ ಹಾಕುವರು. ಅದು ನ್ಯಾಯವಾದ ಮಾತು. ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸುವವರೂ ಆ ಮೇಜಿನ ಸುತ್ತ ಕುಳಿತುಕೊಳ್ಳದೆ ಇದಕ್ಕೆ ಉತ್ತರ ದೊರೆಯಲಾರದು. ನಾವು ಕಂಡ ಯಾವ ಆಹ್ವಾನಪತ್ರಿಕೆಯಲ್ಲಿಯೂ ಅವರ ಹೆಸರು ಇರಲಿಲ್ಲ.