ಸೀಲಿಯ ಕಾಗದಗಳು

ಜಾರ್ಜಿಯಾದ ಅಲ್ಫರೆಟಾದಲ್ಲಿದ್ದು ಅಮೆರಿಕದ ಸಾಹಿತ್ಯ ಓದಹೊರಟವರು ಆಲಿಸ್ ವಾಕರ್ ಅವರ ‘ದಿ ಕಲರ್ ಪರ್ಪಲ್’ನಿಂದಲೇ ಶುರುಮಾಡಬೇಕೆಂಬುದು ನನ್ನ ಹಟ. ವಾಕರ್ ಹುಟ್ಟಿದ ಈಟನ್‌ಟನ್ ಇದೇ ಜಾರ್ಜಿಯಾದ ಊರು. 1982ರ ಈ ಕಾದಂಬರಿಯಲ್ಲಿ, ಅರ್ಧಕ್ಕೇ ಶಾಲೆ ತಪ್ಪಿದ ಸೀಲಿ ತನ್ನೂರ ಆಡುಮಾತಿನಲ್ಲೇ ದೇವರಿಗೆ ಕಾಗದ ಬರೆಯುತ್ತಾಳೆ. ಅದೇ ದಶಕದಲ್ಲಿ ನಮ್ಮಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂತು. ಆ ಕಾದಂಬರಿಯ ಆಡುಮಾತಿನ ಸೊಲ್ಲು ಕಿವಿಯಲ್ಲಿದ್ದವರಿಗೆ ಸೀಲಿ ಹೊರಗಿನವಳಲ್ಲ.

ಕಾಗದ ಗುಟ್ಟಿನದು, ತೆರೆಗೆ, ರಂಗಕ್ಕೆ ತರುವುದು ಸುಲಭವಲ್ಲ. ಸ್ಪೀಲ್‌ಬರ್ಗ್ ಉತ್ತರ ಕೆರೊಲಿನಾದಲ್ಲಿ ಚಿತ್ರೀಕರಿಸಿದ 1985ರ ಸಿನಿಮಾದಲ್ಲಿ ವೂಪಿ ಗೋಲ್ಡ್‌ಬರ್ಗ್ ಅವರ ಮುಖವೇ ಬರಹದ ಕೆಲಸ ಮಾಡಿತು. ಆದರೆ ಸೀಲಿ ಮತ್ತು ಗಾಯಕಿ ಶುಗ್‌ರ ಪ್ರೀತಿ ಒಂದು ಮುತ್ತಿಗೆ ಕುಗ್ಗಿತು, ಅದು ದೊಡ್ಡ ನಷ್ಟ. 2004ರಲ್ಲಿ ಅಟ್ಲಾಂಟಾದ ಅಲಯನ್ಸ್ ಥಿಯೇಟರ್‌ನಲ್ಲಿ ಮೊದಲು ರಂಗವೇರಿದ ಸಂಗೀತ ನಾಟಕ ಆ ಕಾಗದಗಳನ್ನು ಹಾಡಾಗಿಸಿತು. ನನಗೆ ಇದೇ ಹೆಚ್ಚು ಪ್ರಿಯ: ಬಾಯಿ ಮುಚ್ಚಿಸಿಕೊಂಡವಳು ಎದೆ ತುಂಬಿ ಹಾಡುವುದೇ ಆ ಕಾದಂಬರಿಗೆ ಸಲ್ಲುವ ವ್ಯಾಖ್ಯಾನ.

ವಿಮರ್ಶೆಯ ದಾರಿಯನ್ನೂ ವಾಕರ್ ತಾವೇ ತೋರಿದರು. 1983ರ ಪ್ರಬಂಧ ಸಂಕಲನದಲ್ಲಿ ಅವರು ಕಪ್ಪು ಹೆಣ್ಣುಮಕ್ಕಳ ಹೊಲಿಗೆ, ಹೂದೋಟಗಳನ್ನು ಕಲೆಯೆಂದೇ ಓದುತ್ತಾರೆ. ಆಮೇಲೆ ನೋಡಿದರೆ ಸೀಲಿ ಹೊಲಿಯುವ ಪ್ಯಾಂಟುಗಳು ಬರೀ ಹೊಟ್ಟೆಪಾಡಲ್ಲ, ಅವಳ ಕೃತಿಗಳು. ವಾಕರ್ ಅವರ ಹಸ್ತಪ್ರತಿಗಳು ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿವೆ. ಅಲ್ಫರೆಟಾದವರು ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು.