ಎಎಲ್‌ಎಸ್ ಪತ್ತೆ: ಮಾನದಂಡ ಸಡಿಲಾಯಿತು, ದಾರಿ ಉದ್ದವೇ ಉಳಿಯಿತು

ಅಂಗಿಯ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ. ನಡೆಯುವಾಗ ಚಪ್ಪಲಿ ಜಾರುತ್ತದೆ. ಸ್ಪರ್ಶಜ್ಞಾನ ಹೋಗಿಲ್ಲದಿರುವುದರಿಂದ ಜಾರಿದ್ದು ಗೊತ್ತೂ ಆಗುತ್ತದೆ. ನೋವಿಲ್ಲ, ಜೋಮಿಲ್ಲ. ಎಎಲ್‌ಎಸ್ ಎಂಬ ನರರೋಗ ಅನೇಕರಲ್ಲಿ ಶುರುವಾಗುವುದು ಹೀಗೆ. ಮನೆಯವರು ನಿಶ್ಶಕ್ತಿ ಎಂದುಕೊಳ್ಳುತ್ತಾರೆ. ರೋಗದ ಹೆಸರು ತಿಳಿಯುವ ಹೊತ್ತಿಗೆ ಸುಮಾರು ಒಂದು ವರ್ಷ ಕಳೆದಿರುತ್ತದೆ. ಹೆಚ್ಚಿನವರಿಗೆ ಲಕ್ಷಣ ಕಂಡ ಮೇಲಿನ ಆಯಸ್ಸೇ 2ರಿಂದ 5 ವರ್ಷ.

ಈ ವಿಳಂಬದಲ್ಲಿ ವೈದ್ಯಶಾಸ್ತ್ರದ ನಿಯಮಗಳಿಗೂ ಪಾಲಿದೆ. 1994ರಲ್ಲಿ ಪ್ರಕಟವಾದ ಎಲ್ ಎಸ್ಕೋರಿಯಲ್ ಮಾನದಂಡ ದೇಹವನ್ನು ನಾಲ್ಕು ಭಾಗವಾಗಿ ನೋಡಿತು. ಮಿದುಳಿನಲ್ಲಿರುವ ಮೇಲಿನ ಚಾಲಕ ನರಕೋಶ, ಸ್ನಾಯುವಿಗೆ ಆಜ್ಞೆ ಮುಟ್ಟಿಸುವ ಕೆಳಗಿನ ನರಕೋಶ ಎರಡೂ ಕೆಟ್ಟ ಗುರುತು ಮೂರು ಭಾಗಗಳಲ್ಲಿ ಸಿಕ್ಕರೆ ಮಾತ್ರ ರೋಗ ನಿಶ್ಚಿತ; ಕಡಿಮೆ ಸಿಕ್ಕರೆ ಸಂಶಯದ ಕೆಳ ಶ್ರೇಣಿಗಳು. ಔಷಧ ಪ್ರಯೋಗಕ್ಕೆ ರೋಗಿಗಳನ್ನು ಆರಿಸಲು ಇಷ್ಟು ಬಿಗಿ ಸರಿಯೇ. ಅದೇ ಅಳತೆ ದಿನನಿತ್ಯದ ಚಿಕಿತ್ಸೆಗೂ ಬಂದಾಗ ಕೆಲವರು ಸಂಶಯದ ಶ್ರೇಣಿಯಲ್ಲೇ ತೀರಿಕೊಂಡರು. 2019ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಸೇರಿದ ತಜ್ಞರು ಆ ಶ್ರೇಣಿಗಳನ್ನೇ ಕೈಬಿಟ್ಟರು. ದೌರ್ಬಲ್ಯ ಹೆಚ್ಚುತ್ತ ಹೋಗಿದ್ದು, ಒಂದು ಭಾಗದಲ್ಲಿ ಎರಡೂ ಬಗೆಯ ಗುರುತು ಅಥವಾ ಎರಡು ಭಾಗಗಳಲ್ಲಿ ಕೆಳಗಿನ ನರಕೋಶದ ಗುರುತು ಕಂಡು, ಬೇರೆ ಕಾಯಿಲೆಯಲ್ಲವೆಂದು ಖಾತ್ರಿಯಾದರೆ ಸಾಕು. ಇದು ದೊಡ್ಡ ಸುಧಾರಣೆ.

ಆದರೆ ನರತಜ್ಞರ ಕೋಣೆಯೊಳಗಿನ ಸುಧಾರಣೆ. ತಿಂಗಳುಗಳು ಸೋರಿಹೋಗುವುದು ಆ ಬಾಗಿಲು ಮುಟ್ಟುವ ಮೊದಲೇ. ಕೈ ಸೋತವರು ಮೂಳೆ ಡಾಕ್ಟರ ಹತ್ತಿರ, ಮಾತು ತೊದಲಿದವರು ಇಎನ್‌ಟಿ ಡಾಕ್ಟರ ಹತ್ತಿರ ಹೋಗುತ್ತಾರೆ. ವಯಸ್ಸಾದವರ ಎಂಆರ್‌ಐಯಲ್ಲಿ ಕತ್ತಿನ ಮೂಳೆ ಸವೆದದ್ದು ಕಾಣುವುದು ಮಾಮೂಲು. ಅದನ್ನೇ ಕಾರಣವೆಂದು ನಂಬಿ ಬೇಡದ ಆಪರೇಷನ್ ಮಾಡಿಸಿಕೊಂಡವರಿದ್ದಾರೆ. ಸುಳಿವು ಮಾತ್ರ ಕಣ್ಣೆದುರೇ ಇರುತ್ತದೆ: ಹೆಬ್ಬೆರಳ ಬುಡದ ಮಾಂಸ ಕರಗಿದ್ದರೂ ಕಿರುಬೆರಳ ಬದಿ ತುಂಬಿಕೊಂಡಿರುತ್ತದೆ; ಸುಮ್ಮನಿರುವ ನಾಲಗೆ ಒಳಗೆ ಹುಳು ಹರಿದಂತೆ ಅದುರುತ್ತದೆ; ಸೊರಗಿದ ತೋಳಿಗೆ ಸುತ್ತಿಗೆ ತಟ್ಟಿದರೆ, ಮಂದವಾಗಬೇಕಿದ್ದ ರಿಫ್ಲೆಕ್ಸ್ ಜೋರಾಗಿ ಬರುತ್ತದೆ. ಇದನ್ನು ನೋಡಲು ದುಬಾರಿ ಯಂತ್ರ ಬೇಡ.

ಅವಸರದಲ್ಲಿ ಎಎಲ್‌ಎಸ್ ಎಂದುಬಿಡುವುದೂ ಅಪಾಯವೇ; ಹಾಗೆಯೇ ಕಾಣುವ ಬೇರೆ ಕಾಯಿಲೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ವರ್ಣಿಸಿದ ಮಾನೊಮೆಲಿಕ್ ಅಮಯೋಟ್ರೋಫಿಯಲ್ಲಿ ಯುವಕರ ಒಂದೇ ಕೈ ಅಥವಾ ಕಾಲು ಸೊರಗಿ, ಕೆಲ ವರ್ಷಗಳಲ್ಲಿ ರೋಗ ಅಲ್ಲಿಗೇ ನಿಲ್ಲುತ್ತದೆ. ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿಗಂತೂ ಚಿಕಿತ್ಸೆಯೇ ಇದೆ. ಆದ್ದರಿಂದಲೇ ನರತಜ್ಞರ ಪರೀಕ್ಷೆ, ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಬೇಗ ಆಗಬೇಕು. ರೈಲುಜೋಲ್ ಮಾತ್ರೆ ಆಯಸ್ಸಿಗೆ ಕೆಲವೇ ತಿಂಗಳು ಸೇರಿಸುತ್ತದೆ. ಅದನ್ನೂ ತಡವಾಗಿ ಕೊಟ್ಟರೆ ರೋಗಿಗೆ ದಕ್ಕುವುದೆಷ್ಟು?

ಎಎಲ್‌ಎಸ್ ಅನ್ನು ಎಂಎನ್‌ಡಿ ಎಂದು ಕರೆಯುವ ಬ್ರಿಟನ್ನಿನಲ್ಲಿ ಎಂಎನ್‌ಡಿ ಅಸೋಸಿಯೇಷನ್ ಕುಟುಂಬ ವೈದ್ಯರಿಗೆಂದೇ ಎಚ್ಚರಿಕೆಯ ಲಕ್ಷಣಗಳ ಪಟ್ಟಿ ರೂಪಿಸಿ, ಗೋಲ್ಡ್ ಕೋಸ್ಟ್ ಮುಟ್ಟದ ಜಾಗಕ್ಕೆ ಕೈಹಾಕಿದೆ. ನೋವಿಲ್ಲದೆ ಹೆಚ್ಚುವ ದೌರ್ಬಲ್ಯ ಕಂಡರೆ ನೇರ ನರತಜ್ಞರಿಗೆ ಕಳುಹಿಸಿ ಎನ್ನುವ ಅಂಥದ್ದೊಂದು ಹಾಳೆ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ, ಮೂಳೆ ಹಾಗೂ ಇಎನ್‌ಟಿ ವಿಭಾಗಗಳ ಮೇಜಿನ ಮೇಲೂ ಇರಬೇಕು.