ಒಳಗೊಳ್ಳುವ ಲೆಕ್ಕ: ಎರಡು ಗಡಿಗಳಲ್ಲಿ ಕೊಂಕಣಿ ಮತ್ತು ತುಳು

ಕರ್ನಾಟಕದ ಗಡಿವಿವಾದಗಳನ್ನು ಕುರಿತ ಬರಹಗಳಲ್ಲಿ ಭಾಷಾವಿಜ್ಞಾನವು ಬಹುಮಟ್ಟಿಗೆ ಕರೆಸಿಕೊಂಡ ಸಾಕ್ಷಿಯ ಸ್ಥಾನದಲ್ಲಿದೆ. ವಾದ ಮೊದಲೇ ಸಿದ್ಧವಾಗಿರುತ್ತದೆ. ಅದಕ್ಕೆ ಬೇಕಾದಷ್ಟನ್ನು ಮಾತ್ರ ಸಾಕ್ಷಿಯ ಬಾಯಿಂದ ಹೇಳಿಸಲಾಗುತ್ತದೆ. ವಾಯವ್ಯದ ಗಡಿಯಲ್ಲಿ ಕೊಂಕಣಿಯನ್ನೂ ನೈರುತ್ಯದ ಗಡಿಯಲ್ಲಿ ತುಳುವನ್ನೂ ಎಣಿಸಿರುವ ಬಗೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈ ಎರಡು ಗಡಿಗಳನ್ನು ಬೇರೆಬೇರೆಯಾಗಿ ಚರ್ಚಿಸುವ ರೂಢಿಯೇ ದೋಷವನ್ನು ಮರೆಮಾಡಿದೆ ಎಂಬುದು ನಮ್ಮ ವಾದ.

ಸಂಗತಿಗಳು ಪರಿಚಿತವಾದವು. 1956ರ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗವು ಮರುವರ್ಷ ಸಲ್ಲಿಸಿದ ವರದಿಯಲ್ಲಿ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ 247 ಗ್ರಾಮಗಳನ್ನು ಮೈಸೂರಿಗೂ ಕೊಡಬೇಕೆಂದು, ಬೆಳಗಾವಿ ನಗರವು ಇದ್ದಲ್ಲಿಯೇ ಇರಬೇಕೆಂದು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಮೈಸೂರಿಗೆ ಬರಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಮಹಾರಾಷ್ಟ್ರದ ಬೇಡಿಕೆಯಲ್ಲಿ ಬೆಳಗಾವಿ, ನಿಪ್ಪಾಣಿ, ಖಾನಾಪುರಗಳ ಜೊತೆಗೆ ಕಾರವಾರ, ಸೂಪಾ, ಹಳಿಯಾಳಗಳೂ ಇವೆ. ಈ ಕೊನೆಯ ಮೂರರ ಮೇಲಿನ ಹಕ್ಕು, ಮುಖ್ಯವಾಗಿ ಕಾರವಾರದ ಮೇಲಿನದು, ಕೊಂಕಣಿಯು ಮರಾಠಿಯ ಉಪಭಾಷೆ ಎಂಬ ವರ್ಗೀಕರಣವನ್ನು ಅವಲಂಬಿಸಿದೆ. ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯ ಏಳನೆಯ ಸಂಪುಟ (1905) ಕೊಂಕಣಿಯನ್ನು ಮರಾಠಿಯ ಅಡಿಯಲ್ಲಿಯೇ ಇಟ್ಟಿತ್ತು. 1975ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನು ಸ್ವತಂತ್ರ ಭಾಷೆಯೆಂದು ಮನ್ನಿಸಿತು. 1992ರಲ್ಲಿ ಅದು ಎಂಟನೆಯ ಅನುಸೂಚಿಗೆ ಸೇರಿತು. ಒಬ್ಬ ಮನುಷ್ಯನೂ ಮನೆ ಬದಲಿಸದೆ, ಒಂದು ಪದವೂ ಉಚ್ಚಾರಣೆ ಬದಲಿಸದೆ, ಒಂದು ತಾಲ್ಲೂಕಿನ ‘ಮರಾಠಿಗರ’ ಸಂಖ್ಯೆ ಕುಸಿಯಬಹುದು. ಕನ್ನಡದ ವಿದ್ವಾಂಸರು ಇದನ್ನು ಸರಿಯಾಗಿಯೇ ಎತ್ತಿ ತೋರಿಸಿದ್ದಾರೆ: ವಂಶಸಂಬಂಧವು ರಾಜ್ಯದ ಹಕ್ಕಲ್ಲ.

ಆದರೆ ಕಾಸರಗೋಡಿಗೆ ಬಂದೊಡನೆ ಅದೇ ವಿದ್ವಾಂಸರ ಲೇಖನಿ ಬೇರೊಂದು ದಾರಿ ಹಿಡಿಯುತ್ತದೆ. ಅಲ್ಲಿ ತುಳು ಮಾತಾಡುವವರನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಸಹಜವೆಂಬಂತೆ ಬರೆಯಲಾಗುತ್ತದೆ. ತುಳು ಪ್ರತ್ಯೇಕ ದ್ರಾವಿಡ ಭಾಷೆಯೆಂಬುದು ಕಾಲ್ಡ್‌ವೆಲ್ಲರ ಕಾಲದಿಂದ ನಿರ್ವಿವಾದವಾದ ಸಂಗತಿ. ಕೊಂಕಣಿಗೆ ಇದ್ದಷ್ಟು ಗೊಂದಲವೂ ಇಲ್ಲಿಲ್ಲ. ಕಾರವಾರದಲ್ಲಿ ‘ಭಾಷೆ ಬೇರೆ, ಆದ್ದರಿಂದ ಲೆಕ್ಕ ಬೇರೆ’ ಎನ್ನುವವರು ಮಂಜೇಶ್ವರದಲ್ಲಿ ‘ಭಾಷೆ ಬೇರೆಯಾದರೂ ಲೆಕ್ಕ ಒಂದೇ’ ಎನ್ನುವುದಕ್ಕೆ ಕಾರಣ ಕೊಡಬೇಕಾಗುತ್ತದೆ.

ಕಾರಣ ಇಲ್ಲವೆಂದು ನಾವು ಹೇಳುತ್ತಿಲ್ಲ. ತುಳುವರು ಶಾಲೆಯಲ್ಲಿ, ಪತ್ರವ್ಯವಹಾರದಲ್ಲಿ, ಯಕ್ಷಗಾನದ ಪ್ರಸಂಗಗಳಲ್ಲಿ ಬಹುಕಾಲದಿಂದ ಕನ್ನಡವನ್ನು ಬಳಸಿದ್ದಾರೆ. ತುಳು ಮನೆಮಾತಿನ ಕಯ್ಯಾರ ಕಿಞ್ಞಣ್ಣ ರೈಯವರು ಕನ್ನಡದ ಕವಿಯಾಗಿ ವಿಲೀನೀಕರಣ ಚಳವಳಿಯ ಮುಂದಾಳಾದರು. ಇದು ಬಲವಾದ ವಾದ. ಆದರೆ ಇದು ಓದುಬರಹದ ಭಾಷೆಯ ವಾದವೇ ಹೊರತು ತಾಯ್ನುಡಿಯ ವಾದವಲ್ಲ. ಇದನ್ನು ತತ್ತ್ವವಾಗಿ ಒಪ್ಪಿದರೆ ಅದು ಉತ್ತರದಲ್ಲಿಯೂ ಅನ್ವಯಿಸಬೇಕು. ಜತ್ತ, ಅಕ್ಕಲಕೋಟೆಗಳಲ್ಲಿ ಮನೆಯಲ್ಲಿ ಕನ್ನಡವಾಡಿ ಮರಾಠಿ ಶಾಲೆಯಲ್ಲಿ ಕಲಿತವರನ್ನು ಆಗ ಯಾವ ಅಂಕಣಕ್ಕೆ ಬರೆಯುವುದು? ಒಂದು ಗಡಿಯಲ್ಲಿ ಮನೆಮಾತು, ಇನ್ನೊಂದರಲ್ಲಿ ಶಾಲೆಯ ಮಾತು ಎಂದು ಅಳತೆಗೋಲನ್ನು ಬದಲಿಸುವುದು ವಕೀಲರಿಗೆ ಸಲ್ಲಬಹುದು, ವಿದ್ವತ್ಪತ್ರಿಕೆಗೆ ಸಲ್ಲದು.

ಚರಿತ್ರೆಯ ಸಾಕ್ಷ್ಯದ ಬಳಕೆಯೂ ಇದಕ್ಕಿಂತ ಉತ್ತಮವಾಗಿಲ್ಲ. ಕವಿರಾಜಮಾರ್ಗವು ಕನ್ನಡನಾಡನ್ನು ಎರಡು ನದಿಗಳ ನಡುವೆ ಇರಿಸುತ್ತದೆಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಗ್ರಂಥವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ತಿರುಳನ್ನು ಬೇರೆಯಾಗಿ ಗುರುತಿಸುವುದನ್ನೂ, ದೇಶಭೇದದಿಂದ ಕನ್ನಡವು ಹಲವಾಗಿರುವುದನ್ನು ಕಂಡು ಲಕ್ಷಣಕಾರನು ಕಷ್ಟಪಡುವುದನ್ನೂ ಉದ್ಧರಿಸುವವರು ಕಡಿಮೆ. ಒಂಬತ್ತನೆಯ ಶತಮಾನದ ಲಕ್ಷಣಕಾರನಿಗೆ ಪ್ರದೇಶವೆಂದರೆ ನಡುವಿನಿಂದ ಅಂಚಿನ ಕಡೆಗೆ ತೆಳುವಾಗುತ್ತ ಹೋಗುವ ವಸ್ತು; ನಮ್ಮ ಕಾಲದ ಗಡಿಕಲ್ಲು ಅವನಲ್ಲಿಲ್ಲ. ಶಂ. ಬಾ. ಜೋಶಿಯವರು ಸ್ಥಳನಾಮಗಳಿಂದ ಮಹಾರಾಷ್ಟ್ರದ ಕನ್ನಡ ಪದರವನ್ನು ಅಗೆದು ತೋರಿಸಿದ್ದು ಮಹತ್ವದ ಕೆಲಸ. ಆದರೆ ಊರಿನ ಹೆಸರು ಹಿಂದೆ ಅಲ್ಲಿದ್ದವರ ಮಾತನ್ನು ಹೇಳುತ್ತದೆ, ಇಂದು ಅಲ್ಲಿರುವವರದನ್ನಲ್ಲ.

ಇಷ್ಟಕ್ಕೂ ‘ಒಬ್ಬನಿಗೆ ಒಂದು ಭಾಷೆ’ ಎಂಬ ಜನಗಣತಿಯ ಅಂಕಣವೇ ಈ ಸೀಮೆಗೆ ಹೊಂದುವುದಿಲ್ಲ. ಸಾಂಗಲಿ ಜಿಲ್ಲೆಯ ಕುಪ್ವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಅಲ್ಲಿಯ ಕನ್ನಡವು ನಾಮಪದಗಳ ವಾಕ್ಯದಲ್ಲಿಯೂ ಮರಾಠಿಯಂತೆ ಕ್ರಿಯಾಪದವನ್ನು ಬಯಸುತ್ತದೆ. ಅಲ್ಲಿಯ ಮರಾಠಿಯ ಲಿಂಗವ್ಯವಸ್ಥೆ ಕನ್ನಡದಂತೆ ಅರ್ಥವನ್ನು ಅನುಸರಿಸುತ್ತದೆ. ಇದನ್ನು ಓದಿ ‘ಗಡಿಯೆಂಬುದೇ ಭ್ರಮೆ’ ಎಂದು ತೀರ್ಮಾನಿಸುವ ಪ್ರಬಂಧಗಳು ಈಚೆಗೆ ಹೆಚ್ಚಿವೆ. ಅವುಗಳನ್ನೂ ನಾವು ಒಪ್ಪಲಾರೆವು. ವಾಕ್ಯರಚನೆ ಸಮೀಪಿಸಿದರೂ ಆ ಊರಿನವರು ಪದಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡಿದ್ದರೆಂಬುದು ಆ ಅಧ್ಯಯನದ ಉಳಿದರ್ಧ. ಯಾರೊಡನೆ ಯಾವ ಮಾತು ಎಂಬ ಗೆರೆಯನ್ನು ಜನರೇ ಎಳೆದುಕೊಂಡಿದ್ದರು. ಆ ಅಧ್ಯಯನದ ಮಾದರಿಯನ್ನು ಸೋನಲ್ ಕುಲಕರ್ಣಿ-ಜೋಶಿಯವರು 2016ರಲ್ಲಿ ಮರುಪರೀಕ್ಷೆಗೆ ಒಡ್ಡಿದ್ದಾರೆ. ಗಡಿಯ ಬಗ್ಗೆ ಬರೆಯುವವರು ಮೂಲವನ್ನು ಮಾತ್ರ ಉಲ್ಲೇಖಿಸಿ ಮುಂದೆ ಸಾಗುವುದು ಇನ್ನು ಸಾಧುವಲ್ಲ.

ಬೇಕಾಗಿರುವುದು ಬೇರೆ ಬಗೆಯ ದತ್ತ. ಅಡುಗೆಮನೆಯಲ್ಲಿ, ಸಂತೆಯಲ್ಲಿ, ತಹಸೀಲ್ದಾರರ ಕಚೇರಿಯಲ್ಲಿ, ಪೂಜೆಯಲ್ಲಿ, ಮಗುವಿನ ಶಾಲೆಯಲ್ಲಿ ಒಬ್ಬನೇ ಮನುಷ್ಯ ಬಳಸುವ ಮಾತುಗಳನ್ನು ಹಳ್ಳಿಹಳ್ಳಿಗೆ ದಾಖಲಿಸಿ, ನಿಪ್ಪಾಣಿಗೂ ಜತ್ತಕ್ಕೂ ಕಾರವಾರಕ್ಕೂ ಮಂಜೇಶ್ವರಕ್ಕೂ ಒಂದೇ ಪ್ರಶ್ನಾವಳಿಯನ್ನು ಒಯ್ಯಬೇಕು. ಅದರ ಫಲಿತಾಂಶ ಯಾವ ರಾಜ್ಯದ ವಕಾಲತ್ತಿಗೂ ಪೂರ್ತಿಯಾಗಿ ಒದಗದಿರಬಹುದು. ತುಳುವನ್ನು ‘ಕನ್ನಡ’ವೆಂದೋ ಕೊಂಕಣಿಯನ್ನು ‘ಮರಾಠಿ’ಯೆಂದೋ ಕೂಡಿಸಿ ಬರೆದ ಕೋಷ್ಟಕಗಳನ್ನು, ಕೂಡಿಸಿದ ಕಾರಣವನ್ನು ಲೇಖಕರು ಹೇಳದ ಹೊರತು, ಪರಿಶೀಲಕರು ಹಿಂದಿರುಗಿಸಬೇಕು.